ತೋಡಿಗೆ ಮೂವತ್ತು ಅಡಿ ಬಿಟ್ಟ ಕಥೆ

ಅಳತೆ ನನಗೆ ಹೊಸತಲ್ಲ. ಶಾಲೆ ಮೂರನೇ ಕ್ಲಾಸಿಗೇ ಮುಗಿದರೂ ಅಕ್ಕಿಯನ್ನು ಸೇರಿನಲ್ಲಿ, ಸೊಸೆಯನ್ನು ಕಣ್ಣಿನಲ್ಲಿ ಅಳೆದವಳು ನಾನು. ಒಂದು ತೋಡನ್ನು ಅಳೆಯಿಸುವುದು ಮಹಾ ಕೆಲಸವೆಂದು ಅನಿಸಲಿಲ್ಲ.

ತೋಡು ಎಂದರೆ ಸಣ್ಣ ಹಳ್ಳ, ಇರುವುದು ನಮ್ಮ ಮನೆಯ ಕೆಳಗೆ. ಆಚೆ ದಡದಲ್ಲಿ ರಿಕ್ಷಾದ ಸದಾನಂದ ವಾಹನ ತೊಳೆಯುವ ಅಂಗಡಿ ಹಾಕಿದ. ಬಿ.ಸಿ.ರೋಡಿನ ರಿಕ್ಷಾಗಳೆಲ್ಲ ಇಲ್ಲಿಗೇ ಬಂದು ಮೀಯತೊಡಗಿದವು. ಅದೇ ಬೇಸಗೆಯಲ್ಲಿ ನಮ್ಮ ಬಾವಿಯ ನೀರಿಗೆ ವಾಸನೆ ಬಂತು. ಕುಡಿಯಲು ನಮಗಿರುವುದು ಅದೊಂದೇ ಬಾವಿ.

“ಸದಾನಂದನ ಎಣ್ಣೆ!” ಎಂದು ನಾನು ತೀರ್ಪು ಕೊಟ್ಟೆ.

“ನನ್ನ ಮೂಗಿಗೆ ದನದ ಹಟ್ಟಿಯ ವಾಸನೆ ಬರ್ತದೆ ಮಾರಾಯ್ತಿ,” ಎಂದರು ನಮ್ಮವರು.

“ನಲವತ್ತು ವರ್ಷ ನಶ್ಯ ಎಳೆದ ಮೂಗು ಅದು. ಅದರ ಸಾಕ್ಷಿ ಬೇಡ!”

ಗ್ರಾಮಸಭೆಯಲ್ಲಿ ಮೈಕು ಕಿತ್ತುಕೊಂಡೆ. ತೋಡಿನಿಂದ ಮೂವತ್ತು ಅಡಿಯೊಳಗೆ ಕೊಳಕು ಬಿಡುವ ಅಂಗಡಿ ಇರಬಾರದು, ಕೊಳಕಿನ ಗುಂಡಿ ಇರಬಾರದು ಎಂದು ಕೂಗಿದೆ. ಚಪ್ಪಾಳೆ ಬಿತ್ತು. ಪಂಚಾಯತು ಅದನ್ನೇ ನಿಯಮ ಮಾಡಿಬಿಟ್ಟಿತು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ವಾರ ಕಳೆದು ಪಂಚಾಯತಿನ ಮೇಡಂ ಟೇಪು ಹಿಡಿದು ಬಂದರು. ಸದಾನಂದ ಬೇಸಗೆಯ ಸಪೂರ ನೀರಿನ ಅಂಚಿನಿಂದ ಅಳೆದು ತೋರಿಸಿದ. ಮೂವತ್ತೆರಡು ಅಡಿ! ಕಳ್ಳ ನಗುತ್ತಿದ್ದ.

ನಾನು ಬಿಡುವವಳೇ? “ಮೇಡಂ, ಈಗ ಹರಿಯುವುದು ತೋಡಲ್ಲ, ತೋಡಿನ ಮೂತ್ರ. ಆಟಿ ತಿಂಗಳ ಜಡಿಮಳೆಗೆ ನೆರೆ ಎಲ್ಲಿಗೆ ಬರ್ತದೋ ಅಲ್ಲಿಂದ ಅಳೆಯಬೇಕು. ಅವನ ಹಲಸಿನ ಬುಡಕ್ಕೆ ಬರ್ತದೆ!”

ಮೇಡಂ ಒಪ್ಪಿದರು. ಹಲಸಿನಿಂದ ಹಿಡಿದರೆ ಹನ್ನೊಂದೇ ಅಡಿ. ಸದಾನಂದನ ನಗು ತೋಡಿಗೆ ಬಿತ್ತು.

“ಈಚೆ ದಡದಲ್ಲಿ ನೆರೆ ಎಲ್ಲಿವರೆಗೆ ಅಜ್ಜಿ?” ಎಂದು ಮೇಡಂ ನನ್ನ ಕಡೆ ತಿರುಗಿದರು.

ನೆರೆಯ ವಿಷಯದಲ್ಲಿ ಕಡಿಮೆ ಹೇಳಿ ನಮ್ಮ ಊರಿನವರಿಗೆ ಅಭ್ಯಾಸವಿಲ್ಲ. ಪಕ್ಕದವರಿಗೆ ಮೊಣಕಾಲಿಗೆ ಬಂದರೆ ನಮಗೆ ಸೊಂಟಕ್ಕೆ ಬರಲೇಬೇಕು. “ನಮ್ಮಲ್ಲಿಯಾ? ಕಳೆದ ಆಟಿಯಲ್ಲಿ ಹಟ್ಟಿಯ ಮೆಟ್ಟಿಲೇ ಮುಳುಗಿದೆ! ದನವನ್ನು ಜಗಲಿಗೆ ಹತ್ತಿಸಿದ್ದೇನೆ ನಾನು!”

ನಿಜಕ್ಕೂ ನೀರು ಬಂದದ್ದು ಕೆಳಗಿನ ಬಾಳೆಯ ಬುಡದವರೆಗೆ. ದನ ಮಲಗಿಯೇ ಇತ್ತು.

“ಅದು ಯಾವಾಗ...” ಎಂದು ನಮ್ಮವರು ಬಾಯಿ ತೆರೆದರು. ನಾನು ಕಣ್ಣು ತೆರೆದೆ. ಮುಚ್ಚಿದರು.

ಮೇಡಂ ಎಲ್ಲ ಬರೆದುಕೊಂಡರು. ನಾನು ಸಹಿ ಹಾಕಿದೆ. ಮೂರಕ್ಷರದ ಸಹಿ, ಚಂದ ಬಂತು. ಆಮೇಲೆ ಅವರು ಕೇಳಿದರು, “ಹಾಗಾದ್ರೆ ಹಟ್ಟಿಯ ಕೆಳಗೆ ಕಾಣುವುದು ಎಂತ?”

ಗೊಬ್ಬರದ ಗುಂಡಿ. ಕಳೆದ ವರ್ಷ ನಾನೇ ಹಠ ಹಿಡಿದು ಅಲ್ಲಿ ತೆಗೆಸಿದ್ದು. ಮೂವತ್ತು ಅಡಿಯ ಮಾತು ಬಿಡಿ, ನನ್ನ ಸಹಿಯ ಪ್ರಕಾರ ಅದು ತೋಡಿನ ಒಳಗೇ ಇತ್ತು!

“ಸೆಗಣಿ ಕೊಳಕಾ? ಅದ್ರಲ್ಲಿ ನೆಲ ಸಾರಿಸ್ತೇವೆ ನಾವು!”

“ಸಾರಿಸಿ ಅಜ್ಜಿ, ಕುಡಿಯಬೇಡಿ,” ಎಂದರು ಮೇಡಂ. ಗುಂಡಿಯಿಂದ ಬಾವಿಗೆ ಹತ್ತು ಹೆಜ್ಜೆ.

ಇಬ್ಬರಿಗೂ ಹದಿನೈದು ದಿನದ ವಾಯಿದೆ. ಸದಾನಂದ ಪಂಪು, ಪೈಪು ಹೊತ್ತು ಒಂದೇ ದಿನದಲ್ಲಿ ರಸ್ತೆ ಬದಿಗೆ ಹೋದ. ಬಾವಿಯ ವಾಸನೆ ಮಾತ್ರ ಹೋಗಲಿಲ್ಲ. ಒಂದು ವರ್ಷದ ಗೊಬ್ಬರ ಹೊರುವುದು ಯಾರು? ಕೊನೆಗೆ ಅವನನ್ನೇ ಕರೆಯಬೇಕಾಯಿತು.

ರಿಕ್ಷಾ ನಿಲ್ಲಿಸಿ ಗುಂಡಿ ಇಣುಕಿದ. “ಮೂವತ್ತೆರಡು ಟ್ರಿಪ್ಪು ಆದೀತು ಅಜ್ಜಿ. ಈಗಿನ ಲೆಕ್ಕವಾ, ಆಟಿಯ ಲೆಕ್ಕವಾ?”

ಗುಂಡಿ ಖಾಲಿಯಾಗಿ, ಮಳೆಗಾಲ ಕಳೆದು ಬಾವಿ ತಿಳಿಯಾಯಿತು. ನಮ್ಮವರು ಆ ನಶ್ಯದ ಮೂಗನ್ನು ಲೋಟದೊಳಗೆ ಇಳಿಸಿ ಉಸಿರೆಳೆದರು.

“ನೋಡು, ಸದಾನಂದನ ಎಣ್ಣೆಯ ವಾಸನೆ ಪೂರ್ತಿ ಹೋಗಿದೆ!”

ನಾನು ಒಂದರ ಮೇಲೊಂದು ಎರಡು ಲೋಟ ನೀರು ಕುಡಿದೆ. ಬಾಯಿ ತುಂಬಿದ್ದರೆ ಉತ್ತರ ಕೊಡಬೇಕಿಲ್ಲವಲ್ಲ!