ಕೌದಿ ಸ್ಟುಡಿಯೋದ ರಾಕ್ ಹಾಡು

ನಗಬಾರದ ಜಾಗದಲ್ಲೇ ನಗು ಜಾಸ್ತಿ. ಹಾಡು ಮುದ್ರಿಸುವ ಕೋಣೆಯಲ್ಲಿ ಕೆಲಸ ಮಾಡಿದ ನನಗೆ ಇದು ಚೆನ್ನಾಗಿ ಗೊತ್ತು. ತೊಂಬತ್ತರ ದಶಕದಲ್ಲಿ ಮಾಳಮಡ್ಡಿಯ ಒಂದು ಹಳೇ ಮನೆಯ ನಡುಕೋಣೆಯೇ ನಮ್ಮ ಸ್ಟುಡಿಯೋ. ಮಾಲೀಕರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಟೇಪು ಓಡಿಸುವುದು ನನ್ನ ಕೆಲಸ. ಸದ್ದು ಗುಂಯ್‌ಗುಡಬಾರದೆಂದು ಗೋಡೆಯ ತುಂಬ ಕಾಕಾನ ಅವ್ವ ಹಳೇ ಸೀರೆಗಳಿಂದ ಹೊಲಿದ ದಪ್ಪ ಕೌದಿ ತೂಗುಹಾಕಿದ್ದೆವು.

೧. ಮಂಗಳಾರತಿ

ಬರುವವರು ಹೆಚ್ಚಾಗಿ ಭಜನಾ ಮೇಳದವರೇ. ಒಮ್ಮೆ ಮುಗದ ಊರಿನ ಮೇಳ ಹಾಡುತ್ತಿರುವಾಗ ಟೇಪು ಮುಗಿಯಿತು. ಗಾಜಿನಾಚೆಯಿಂದ ಸಾಕೆಂದು ಕೈ ಬೀಸಿದೆ. ತಾಳ ಹಾಕುತ್ತಿದ್ದೇನೆ ಅಂದುಕೊಂಡು ಅವರು ಇನ್ನಷ್ಟು ಏರಿಸಿದರು. ಮಂಗಳಾರತಿ ಮಾಡಿ, ಕಾಯಿ ಒಡೆದು, ನನ್ನ ಕೈಗೆ ಪ್ರಸಾದ ಕೊಟ್ಟ ಮೇಲೆ ಹಿರಿಯರು ಕೇಳಿದರು:

"ನಿಮ್ಮ ಟೇಪು ಮುಗೀತಂತ ದೇವರನ್ನ ಅರ್ಧಕ್ಕ ಎಬ್ಬಿಸಿ ಕಳಸಾಕ ಬರತೈತೇನ್ರಿ?"

೨. ದುರಸ್ತಿ

ಆಮೇಲೆ ಬಂದರು ಗೋಪನಕೊಪ್ಪದ ನಾಲ್ಕು ಜನ ಕಾಲೇಜು ಹುಡುಗರು. ಕೂದಲು ಹೆಗಲಿಗೆ, ಗಿಟಾರು ಸೊಂಟಕ್ಕೆ. ತಾವೇ ಕಟ್ಟಿದ ಒಂದು ಕನ್ನಡ ರಾಕ್ ಹಾಡು ಮುದ್ರಿಸಬೇಕಿತ್ತು. ಗಿಟಾರು ಕರಕರ ಅನ್ನುವುದನ್ನು ಕೇಳಿ ಕಾಕಾಗೆ ಸಂಕಟವಾಯಿತು. ಹುಡುಗರು ಚಹಾಕ್ಕೆ ಹೋದಾಗ ಗಿಟಾರಿಗೆ ಜೋಡಿಸಿದ್ದ ಸದ್ದಿನ ಪೆಟ್ಟಿಗೆ ಬಿಚ್ಚಿ, ತಂತಿ ಬೆಸೆದು, ವೀಣೆಯ ಹಾಗೆ ನುಡಿಯುವಂತೆ ಮಾಡಿಟ್ಟರು. ಗಿಟಾರಿನವನು ಬಂದು ಒಮ್ಮೆ ಮೀಟಿದವನೇ ಅಳುವುದೊಂದು ಬಾಕಿ.

"ಕಾಕಾ, ಅದು ಕೆಟ್ಟಿದ್ದೇ ಛಲೋ ಇತ್ರಿ."

ಇಡೀ ಜೀವನ ಕೆಟ್ಟದ್ದನ್ನು ಸರಿ ಮಾಡಿದ ಕಾಕಾ ಅಂದು ಸಂಜೆಯವರೆಗೆ ಕೂತು ಸರಿ ಇದ್ದದ್ದನ್ನು ಕೆಡಿಸಿದರು.

೩. ಬೀಗರು

ಆ ಹುಡುಗರ ಮುದ್ರಣದ ಕಡೆಯ ದಿನ ಮಧ್ಯಾಹ್ನ. ಡ್ರಮ್ಮಿನವನು ನೌಕರಿಗೆಂದು ಸಂಜೆ ರೈಲಿಗೆ ಪುಣೆಗೆ ಹೊರಟಿದ್ದ. ಈಗ ಆಗದಿದ್ದರೆ ಆ ಹಾಡು ಎಂದೂ ಆಗುವುದಿಲ್ಲ. ಅಷ್ಟರಲ್ಲಿ ಅವ್ವ ಬಂದು ಗೋಡೆಯ ಕೌದಿ ಬಿಚ್ಚತೊಡಗಿದರು. ಟೆಂಪೋ ತುಂಬ ಬೀಗರು ಬಂದಿದ್ದರು, ಹೋಳಿಗೆ ಉಂಡಿದ್ದರು, ಇನ್ನು ಮಲಗಬೇಕಿತ್ತು.

"ಬೀಗರನ್ನ ಬರೇ ನೆಲದ ಮ್ಯಾಲ ಮಲಗಸ್ಲೇನು?" ಅಂದರು ಅವ್ವ.

ಬರೀ ಗೋಡೆಯಲ್ಲಿ ಡ್ರಮ್ಮು ಬಡಿದರೆ ಬಾವಿಯೊಳಗೆ ಕೊಡ ಬಿದ್ದಂತೆ. ಹುಡುಗರ ಮುಖ ಸಪ್ಪಗಾಯಿತು. ಕಾಕಾ ಯೋಚಿಸಿ, ಕೌದಿ ನೆಲದ ಮೇಲಿದ್ದರೂ ಸದ್ದು ಹೀರುತ್ತದೆ, ಹೊರಗೆ ಹೋಗುವುದು ಬೇಡ, ಬೀಗರೇ ಒಳಗೆ ಬರಲಿ ಅಂದರು. ಗೋಡೆಗುಂಟ ಕೌದಿ ಹಾಸಿ, ಹೊದ್ದು ಬೀಗರೆಲ್ಲರೂ ಮಲಗಿದರು. ಹುಡುಗರು ಸಂಕೋಚಪಟ್ಟರೆ ಹಿರೇ ಬೀಗರು, "ಬಾರಸ್ರಿ ತಮ್ಮಾ, ನಮ್ಮ ಮನಿ ಹಿಟ್ಟಿನ ಗಿರಣಿ ಮಗ್ಗಲಾಗೇ ಐತಿ" ಎಂದು ಮುಸುಕು ಎಳೆದುಕೊಂಡರು.

ಹಾಡು ಒಂದೇ ಏಟಿಗೆ ಅದ್ಭುತವಾಗಿ ಬಂತು. ಗಿಟಾರಿನ ಕೊನೆಯ ನಾದ ಕರಗಿದ ಮೇಲೆ ಮಾತ್ರ ಹಿರೇ ಬೀಗರ ಮುಸುಕಿನೊಳಗಿಂದ ಒಂದು ದೀರ್ಘ ಗೊರಕೆ. ಮತ್ತೆ ಬಾರಿಸಲು ವೇಳೆ ಇರಲಿಲ್ಲ. ಡ್ರಮ್ಮಿನವನು ಸ್ಟೇಷನ್ನಿಗೆ ಓಡಿದ್ದ. ಗೊರಕೆ ಸಮೇತ ಕ್ಯಾಸೆಟ್ ಆಯಿತು.

ಕಂಪ್ಯೂಟರ್ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಕಾಕಾ ಈಗಿಲ್ಲ. ಆ ಕ್ಯಾಸೆಟ್ ಹಾಕಿದಾಗಲೆಲ್ಲ ಅವರು ನೆನಪಾಗುತ್ತಾರೆ. ಆದರೆ ಕೊನೆ ಬಂದಂತೆ ನಗು ತಡೆಯಲಾಗುವುದಿಲ್ಲ. ಮುದ್ರಣವಾದ ಮರುವರ್ಷವೇ ಹಿರೇ ಬೀಗರಿಗೂ ಅದನ್ನು ಕೇಳಿಸಿದ್ದೆವು. ತಲೆದೂಗುತ್ತ ಪೂರ್ತಿ ಕೇಳಿ, ಬೇಸರದಿಂದ ಹೇಳಿದರು:

"ಹುಡುಗ್ರು ಜೀವಾ ಬಿಟ್ಟು ಬಾರಿಸ್ಯಾರ ನೋಡ್ರಿ. ಕಡೀಕ ಯಾವನೋ ಖಬರಗೇಡಿ ಮಲಕೊಂಡು ಕೆಡಿಸ್ಯಾನ."