ಏಟು ತಿಂದದ್ದನ್ನು ಯಾರು ನೋಡಿದ್ದಾರೆ?

ನಮ್ಮ ಗುಬ್ಬಿ ಮಾವ ಮೊನ್ನೆಮೊನ್ನೆಯವರೆಗೆ ಯಾರನ್ನಾದರೂ, ಯಾವುದನ್ನಾದರೂ ಹೊಗಳಿದ ದಾಖಲೆ ಇಲ್ಲ. ನಾನು ಹುಡುಕಿಲ್ಲ ಅಂತಲ್ಲ, ಹುಡುಕಿದ್ದೇನೆ! ನನ್ನ ಮದುವೆಯ ಊಟ ಮುಗಿಸಿ, ಕೈ ತೊಳೆದು, ಎಲೆಅಡಿಕೆ ಬಾಯಿಗಿಟ್ಟುಕೊಂಡು, “ಪರ್ವಾಗಿಲ್ಲ, ಹೊಟ್ಟೆ ಕೆಡಲ್ಲ ಅನ್ಸುತ್ತೆ” ಎಂದದ್ದೇ ಅವರ ಬಾಯಿಂದ ಬಂದ ಅತ್ಯುನ್ನತ ಪ್ರಶಸ್ತಿ. ಅದನ್ನು ಕೇಳಿ ಅಡುಗೆಯವರು ಕಣ್ಣೊರೆಸಿಕೊಂಡರಂತೆ. ಸಂತೋಷಕ್ಕೋ ದುಃಖಕ್ಕೋ ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಮಾವ ಅಂದರೆ ನನ್ನ ತಾಯಿಯ ತಮ್ಮ. ಎಪ್ಪತ್ತೆರಡು ವರ್ಷ. ಗುಬ್ಬಿಯ ಒಂದು ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ಕಾಯಿ ಆರಿಸಿದವರು. ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟಿದೆಯೋ, ನೀರು ಉಳಿದಿದೆಯೋ ಹೇಳಿಬಿಡುತ್ತಿದ್ದರು. ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಸುಮ್ಮನೆ ಬಿದ್ದಿರಬೇಕು. ಆತುರಪಟ್ಟು ಇಳಿಸಿ ಒಡೆದರೆ ಒಳಗೆ ಹಸಿ, ನಾಲ್ಕು ದಿನಕ್ಕೆ ಬೂಷ್ಟು. ಇದಿಷ್ಟು ಅವರ ವಿದ್ಯೆ.

ಅದನ್ನು ಮಂಡಿಯಲ್ಲೇ ಬಿಟ್ಟು ಬರಬಹುದಿತ್ತು. ಬಿಡಲಿಲ್ಲ. ಒಮ್ಮೆ ತುಮಕೂರಿನ ಮೊಬೈಲ್ ಅಂಗಡಿಯಲ್ಲಿ ಹೊಸ ಫೋನನ್ನು ಕಿವಿಯ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿದರು.

“ಸಾರ್, ಅದನ್ನ ಇನ್ನೂ ಆನ್ ಮಾಡಿಲ್ಲ” ಎಂದಳು ಅಂಗಡಿಯ ಹುಡುಗಿ.

“ಆನ್ ಮಾಡಿದ್ಮೇಲೆ ಎಲ್ಲಾವೂ ಚೆನ್ನಾಗೇ ಮಾತಾಡ್ತವೆ ಕಣಮ್ಮ.”

ನನಗೆ ಮೇಷ್ಟರ ಕೆಲಸ ಸಿಕ್ಕಿದಾಗ ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿ, “ಇನ್ನೊಂದ್ ವರ್ಷ ಅಟ್ಟದ್ ಮೇಲಿರ್ಬೇಕಿತ್ತು ಇವ್ನು” ಎಂದರು. ಪಾಠ ಮಾಡಲು ಶುರುಮಾಡಿ ಇಪ್ಪತ್ತಾರು ವರ್ಷವಾಯಿತು. ಈಗಲೂ ತರಗತಿಯ ಬಾಗಿಲಲ್ಲಿ ನಿಂತಾಗ, ಮಾವ ಹೇಳಿದ್ದು ನಿಜವಿರಬಹುದೇ ಎಂಬ ಚಿಂತೆ ಬರುತ್ತದೆ. ನನಗೆ ಚಿಂತೆ ಬರಲು ವಿಶೇಷ ಕಾರಣವೇನೂ ಬೇಕಿಲ್ಲ ಬಿಡಿ. ಗ್ಯಾಸ್ ಆರಿಸಿದೆನೇ ಎಂದು ನೋಡಲು ಬಸ್ ಇಳಿದು ವಾಪಸು ಬಂದವನು ನಾನು, ಅಂದು ಸಿಲಿಂಡರ್ ಖಾಲಿಯಾಗಿ ಎರಡು ದಿನವಾಗಿತ್ತು!

ಇಂಥ ಚಿಂತಾಮಣಿಯ ತಲೆಯ ಮೇಲೆಯೇ ಒಬ್ಬ ಬಾಕ್ಸರ್ ಬಂದು ಕುಣಿಯಬೇಕೇ? ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯ ಮಹಡಿಯ ಕೋಣೆಗೆ ಎರಡು ವರ್ಷದ ಹಿಂದೆ ಅಮೃತೂರು ಕಡೆಯ ಹುಡುಗನೊಬ್ಬ ಬಾಡಿಗೆಗೆ ಬಂದ. ಆಗ ಹದಿನೆಂಟು. ಬೆಳಗಿನ ಐದಕ್ಕೆ ಹಗ್ಗ ಹಿಡಿದು ಕುಪ್ಪಳಿಸುತ್ತಿದ್ದ. ಕೆಳಗೆ ನಾನು ಮಲಗಿಕೊಂಡೇ ಚಾವಣಿಯ ಬಿರುಕುಗಳನ್ನು ಎಣಿಸುತ್ತಿದ್ದೆ.

ನೋಡನೋಡುತ್ತ ಹುಡುಗ ಪ್ರಸಿದ್ಧನಾಗಿಬಿಟ್ಟ. ನಾಲ್ಕು ಪಂದ್ಯ ಆಡಿದ, ನಾಲ್ಕನ್ನೂ ಮೊದಲ ರೌಂಡಿನಲ್ಲೇ ಮುಗಿಸಿದ. ಯಾರೋ ಅದನ್ನು ರೀಲ್ಸ್ ಮಾಡಿ ಹಿಂದಿನಿಂದ ತಮಟೆ ಸದ್ದು ಸೇರಿಸಿದರು. ಅಷ್ಟೇ! ಕುಣಿಗಲ್ ಬಸ್ ನಿಲ್ದಾಣದಿಂದ ನಮ್ಮ ಬೀದಿಯವರೆಗೆ ‘ಕಲ್ಪತರು ನಾಡಿನ ಸಿಡಿಲು’ ಎಂಬ ಫ್ಲೆಕ್ಸುಗಳು. ನಮ್ಮ ಗೇಟಿನ ಮುಂದೆ ಸೆಲ್ಫಿಗೆ ಜನ. ಒಂದು ಫ್ಲೆಕ್ಸಿನಲ್ಲಿ ಸಿಡಿಲಿನ ಹಿಂದೆ ನಮ್ಮ ಮನೆ, ಕಿಟಕಿಯಲ್ಲಿ ಬನಿಯನ್ ತೊಟ್ಟು ಹಲ್ಲುಜ್ಜುತ್ತಿರುವ ನಾನು!

ಮಂಡಿನೋವಿನ ಡಾಕ್ಟರಿಗೆ ತೋರಿಸಲು ಬಂದ ಮಾವ ಆ ಫ್ಲೆಕ್ಸನ್ನು ತುಂಬ ಹೊತ್ತು ನೋಡಿದರು. ನನಗೆ ಗೊತ್ತಾಯಿತು. ಇದನ್ನೂ ಅಲ್ಲಾಡಿಸಿ ನೋಡದೆ ಬಿಡುವವರಲ್ಲ ಇವರು.

ಮೊದಲ ವಾಗ್ವಾದ ನಡೆದದ್ದು ನಮ್ಮ ಬೀದಿಯ ಸೆಲೂನಿನಲ್ಲಿ. ನಾನು ಕುರ್ಚಿಯಲ್ಲಿ ಕತ್ತೆತ್ತಿ ಕೂತಿದ್ದೆ. ಸೆಲೂನಿನವನು ಹುಡುಗನ ಪರಮ ಭಕ್ತ.

“ನಾಕ್ ಫೈಟು ಯಜಮಾನ್ರೇ, ನಾಕೂ ಫಸ್ಟ್ ರೌಂಡು! ಎದುರ್ಗಡೆಯವ್ನಿಗೆ ಉಸ್ರು ಎಳ್ಕೊಳ್ಳಾಕೂ ಬಿಡ್ಲಿಲ್ಲ. ಇನ್ನೇನ್ ಬೇಕು ನಿಮ್ಗೆ?”

“ಅದೇ ಕಣಪ್ಪ ನನ್ ತೊಂದ್ರೆ” ಎಂದರು ಮಾವ. “ಅವ್ನು ಹೊಡೆದದ್ನ ಎಲ್ರೂ ನೋಡವ್ರೆ. ಏಟು ತಿಂದದ್ನ ಯಾರ್ ನೋಡವ್ರೆ?”

“ತಿಂದಿದ್ರೆ ತಾನೇ ನೋಡೋದು!”

“ತಿಂದಿಲ್ವಲ್ಲ. ಹಂಗಾದ್ರೆ ಗಟ್ಟಿನೋ ಟೊಳ್ಳೋ ಹೆಂಗ್ ಹೇಳ್ತೀಯ?”

ಸೆಲೂನಿನವನು ಕತ್ತಿಯನ್ನು ನನ್ನ ಗಂಟಲ ಮೇಲೆ ಹಾಗೇ ನಿಲ್ಲಿಸಿಕೊಂಡು ಯೋಚಿಸತೊಡಗಿದ. “ಮಾವ, ವಾದ ಆಮೇಲೆ ಮಾಡಿ” ಎನ್ನಲೂ ನನಗೆ ಹೆದರಿಕೆ. ಗಂಟಲು ಆಡಿದರೆ ಗತಿಯೇನು?

ಆಮೇಲೆ ಮಾವನ ಮಂಡಿ ವಾರಕ್ಕೆರಡು ಸಲ ನೋಯತೊಡಗಿತು. ಗುಬ್ಬಿಯಿಂದ ಬೆಳಗಿನ ಬಸ್ಸಿಗೆ ಬರುವುದು, ಡಾಕ್ಟರಿಗೆ ತೋರಿಸಬೇಕಾದ ಅದೇ ಮಂಡಿಯಿಂದ ಇಪ್ಪತ್ತೊಂದು ಮೆಟ್ಟಿಲು ಹತ್ತುವುದು, ತಾರಸಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹುಡುಗನ ಅಭ್ಯಾಸ ನೋಡುವುದು! ಹುಡುಗನಿಗೂ ಮೊದಮೊದಲು ಖುಷಿ. “ತಾತ, ಕಾಫಿ ಕುಡೀತೀರಾ?” ಎಂದು ತಾನೇ ಮಾಡಿಕೊಡುತ್ತಿದ್ದ. ಮಾವ ಕಾಫಿ ಕುಡಿದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಹೊಸದಾಗಿ ಬಣ್ಣ ಹೊಡೆಸಿದ ನನ್ನ ಗೋಡೆ!

ಒಂದು ದಿನ ಹುಡುಗ ಕೇಳಿಯೇಬಿಟ್ಟ. “ಏನ್ ತಾತ ಇವೆಲ್ಲ? ನಾನು ಕೊಟ್ಟ ಪಂಚಾ?”

“ಅಲ್ಲ. ಬಲಗೈಯಲ್ಲಿ ಹೊಡ್ದಾಗೆಲ್ಲ ನಿನ್ ಎಡಗೈ ಮುಖ ಬಿಟ್ಟು ಕೆಳಗ್ ಬೀಳ್ತದೆ. ಇವತ್ತು ನಲವತ್ತೊಂದು ಸಲ ಬಿತ್ತು.”

ಹುಡುಗನ ಮುಖ ಸಪ್ಪಗಾಯಿತು. ಹತ್ತು ದಿನ ಬಿಟ್ಟು ತುಮಕೂರಿನಲ್ಲೇ ದೊಡ್ಡ ಪಂದ್ಯವಿತ್ತು. ಎದುರಾಳಿ ಬೆಳಗಾವಿ ಕಡೆಯವನು, ಇವನಿಗಿಂತ ಎಂಟು ವರ್ಷ ದೊಡ್ಡವನು, ರಿಂಗಿನಲ್ಲಿ ಪಳಗಿದವನು. ಇನ್ನೊಂದು ವರ್ಷ ತಡೆಯೋಣ ಎಂದು ಇವನ ಕೋಚ್ ಹೇಳಿದ್ದರಂತೆ. ಅಭಿಮಾನಿಗಳು ಕೇಳಬೇಕಲ್ಲ!

“ನೀವು ಯಾವತ್ತಾದ್ರೂ ಗ್ಲೌಸ್ ಹಾಕಿದೀರಾ ತಾತ?”

“ಇಲ್ಲ.”

“ಯಾರಿಗಾದ್ರೂ ಹೊಡ್ದಿದೀರಾ?”

“ನಿಮ್ ಮೇಷ್ಟ್ರಿಗೆ ಒಂದ್ಸಲ. ಚಿಕ್ಕೋನಿದ್ದಾಗ. ನನ್ ಕೈಯೇ ನೋಯ್ತು ಅಂತ ಬಿಟ್ಟೆ.” ಮಾವ ನಗಲಿಲ್ಲ. “ಒಂದ್ ವರ್ಷ ತಡಿಯೋ ಮಗಾ. ಆ ಬೆಳಗಾವಿಯವ್ನು ನಿನ್ ಎಡಗೈ ಬೀಳೋದ್ನೇ ಕಾಯ್ತಾ ನಿಂತಿರ್ತಾನೆ. ಬೇಗ ಇಳಿಸಿಬಿಟ್ಟವ್ರೆ ನಿನ್ನ.”

“ನಾನು ಸೋಲ್ಬೇಕು ನಿಮ್ಗೆ. ಅಷ್ಟೇ ತಾನೇ?” ಎಂದು ಹುಡುಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಆ ಹತ್ತು ದಿನ ಅವನು ಮಾವನ ಜೊತೆ ಮಾತಾಡಲಿಲ್ಲ. ಬೀದಿಯವರೂ ಮಾವನನ್ನು ಅಪಶಕುನ ಕಂಡಂತೆ ಕಂಡರು. ನಾನೋ, ಅಭಿಮಾನಿಗಳು ಕೇಳಿದರೆಂದು ಸನ್ಮಾನಪತ್ರ ಬರೆದು ಕೂತಿದ್ದೆ. ‘ಬೆಳಗಾವಿಯ ವೀರನನ್ನು ಮಣಿಸಿ ವಿಜಯಮಾಲೆ ಧರಿಸಿ ಬಂದ ಧೀರನೇ’ ಎಂದು ಶುರು. ಪಂದ್ಯಕ್ಕೆ ಇನ್ನೂ ನಾಲ್ಕು ದಿನವಿತ್ತು! ಪಂದ್ಯ ಮುಗಿದ ಮೇಲೆ ಪ್ರಿಂಟ್ ಮಾಡಿಸಿದರೆ ಮೆರವಣಿಗೆಗೆ ಸಿಗುವುದಿಲ್ಲವಂತೆ. ಶಾಲು, ಪೇಟ, ತೆರೆದ ಜೀಪು, ಬ್ಯಾಂಡು, ಎಲ್ಲವನ್ನೂ ಮುಂಚೆಯೇ ಗೊತ್ತುಮಾಡಿಯಾಗಿತ್ತು.

ಮಾವ ಆ ಪತ್ರವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. “ನೀನೇನ್ ಮೇಷ್ಟ್ರೇನ್ಲಾ, ಜೋಯಿಸ್ರಾ?”

“ಎಲ್ಲರೂ ಕೇಳಿದರು ಮಾವ. ಹುಡುಗನಿಗೂ ಹುರುಪು ಬರಲಿ ಅಂತ...”

“ಹೊಗಳೋರು ಅವನ್ ಜೊತೆ ರಿಂಗ್ ಒಳಕ್ ಹೋಗ್ತಾರೇನ್ಲಾ?”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇನೂ ಹೊಸದಲ್ಲ, ಆದರೆ ಕಾರಣ ಹೊಸದು. ನಾನು ಜನರನ್ನು ಯಾಕೆ ಹೊಗಳುತ್ತೇನೆ? ನಿವೃತ್ತರಾಗುವ ಮೇಷ್ಟರುಗಳನ್ನೆಲ್ಲ ‘ಜ್ಞಾನಸಾಗರ’ ಎಂದಿದ್ದೇನೆ. ಯಾರ ನೀರಿನ ಆಳವನ್ನೂ ಇಳಿದು ನೋಡಿದವನಲ್ಲ. ಹೊಗಳಿದರೆ ಯಾರೂ ಬೇಸರಮಾಡಿಕೊಳ್ಳುವುದಿಲ್ಲ, ನನ್ನ ಕೆಲಸ ಮುಗಿಯುತ್ತದೆ, ಮನೆಗೆ ಹೋಗಿ ನೆಮ್ಮದಿಯಾಗಿ ಇನ್ನೊಂದು ಚಿಂತೆ ಹಚ್ಚಿಕೊಳ್ಳಬಹುದು. ಮಾವ ಹೊಗಳುವುದಿಲ್ಲ, ಆದರೆ ಒಬ್ಬ ಹುಡುಗನ ಎಡಗೈಯನ್ನು ನಲವತ್ತೊಂದು ಸಲ ಕಣ್ಣು ಕೀಲಿಸಿ ನೋಡಿದ್ದಾರೆ. ನಾನು ಅವನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ನೋಡಿದ್ದು ಚಾವಣಿಯನ್ನು!

ಭಾನುವಾರ ಬೆಳಿಗ್ಗೆ ಪಂದ್ಯ. ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರ ಕೈಯಲ್ಲೂ ಎತ್ತಿದ ಮೊಬೈಲು. ಮೊದಲ ರೌಂಡಿನಲ್ಲಿ ನಮ್ಮ ಹುಡುಗ ಸಿಡಿಲೇ! ಸೆಲೂನಿನವನು ಮಾವನ ಕಡೆ ತಿರುಗಿ, “ಈಗೇನಂತೀರ ಯಜಮಾನ್ರೇ?” ಎಂದ. ಮಾವನ ಬೆರಳುಗಳು ಪಂಚೆಯ ಅಂಚನ್ನು ಹಿಂಡುತ್ತಿದ್ದವು.

ಎರಡನೇ ರೌಂಡಿನಲ್ಲಿ ಹುಡುಗ ಬಲಗೈ ಬೀಸಿದ. ಎಡಗೈ ಬಿತ್ತು. ಬೆಳಗಾವಿಯವನು ಕಾಯುತ್ತಲೇ ಇದ್ದ.

ಆ ಸದ್ದು ಹತ್ತನೇ ಸಾಲಿಗೂ ಕೇಳಿಸಿತು. ಹುಡುಗ ಮಂಡಿಯೂರಿ, ಹಾಗೇ ಒಂದು ಪಕ್ಕಕ್ಕೆ ಉರುಳಿದ. ರೆಫರಿ ಎಣಿಸತೊಡಗಿದರು. ಒಂದೊಂದಾಗಿ ಮೊಬೈಲುಗಳು ಕೆಳಗಿಳಿದವು. ಆರಕ್ಕೆ ಹುಡುಗ ಎದ್ದ. ಎಂಟಕ್ಕೆ ಕೈ ಎತ್ತಿ ನಿಂತ.

ಆಗ ಆ ಮೌನದಲ್ಲಿ ಒಂದು ಕೀರಲು ದನಿ ಕೇಳಿತು. “ಎಡಗೈ ಎತ್ತೋ ನನ್ನಪ್ಪಾ! ಎಡಗೈ!” ನೋಡಿದರೆ ಮಾವ! ಕುರ್ಚಿಯ ಮೇಲೆ ಹತ್ತಿ ನಿಂತಿದ್ದಾರೆ. ಯಾವ ಡಾಕ್ಟರೂ ವಾಸಿಮಾಡದ ಮಂಡಿ!

ಹುಡುಗನಿಗೆ ಕೇಳಿಸಿತೋ ಇಲ್ಲವೋ, ಎಡಗೈಯಂತೂ ಮೇಲೆದ್ದಿತು. ಮೂರನೇ ರೌಂಡ್ ಮುಗಿಯುವವರೆಗೂ ಇಳಿಯಲಿಲ್ಲ. ಏಟು ತಿಂದ, ತಿಂದು ನಿಂತ, ನಿಂತು ತಿರುಗಿ ಕೊಟ್ಟ. ಪಾಯಿಂಟುಗಳಲ್ಲಿ ಸೋತ.

ಹೊರಗೆ ಬ್ಯಾಂಡಿನವರು ಸದ್ದಿಲ್ಲದೆ ಜೀಪಿನಿಂದ ಇಳಿದರು. ನನ್ನ ಸನ್ಮಾನಪತ್ರವನ್ನು ಯಾರೋ ಸುರುಳಿ ಸುತ್ತಿ ಸೀಟಿನಡಿ ತಳ್ಳಿದರು.

“ಬರೀ ಬಿಲ್ಡಪ್ಪು ಬುಡಿ. ರೀಲ್ಸ್ ಹೀರೋ ಅಷ್ಟೇ” ಎಂದ ಸೆಲೂನಿನವನು. “ಯಜಮಾನ್ರು ಮೊದ್ಲೇ ಹೇಳಿದ್ರು, ಟೊಳ್ಳು ಅಂತ.”

ಮಾವ ಅವನ ಅಂಗಿಯ ತೋಳು ಹಿಡಿದು ನಿಲ್ಲಿಸಿದರು. “ಟೊಳ್ಳು ಅಂತ ಯಾವಾಗ್ಲಾ ಹೇಳಿದ್ದು? ಗೊತ್ತಿಲ್ಲ ಅಂದಿದ್ದೆ. ಇವತ್ ಗೊತ್ತಾಯ್ತು. ಬಿದ್ದು ಎದ್ದು ಒಂದ್ ರೌಂಡಿಗೂ ಮ್ಯಾಲೆ ನಿಂತವ್ನೆ. ನೀನ್ ನಿಲ್ತಿದ್ದೇನ್ಲಾ? ಕತ್ತಿ ಕೆಳಗಿಟ್ಟು ಬಾ, ನೋಡಾಣ!”

ಇಡೀ ಊರು ಅವನನ್ನು ನಂಬಿದ್ದಾಗ ಅನುಮಾನಿಸಿದವರು ಒಬ್ಬರೇ. ಇಡೀ ಊರು ಕೈಬಿಟ್ಟಾಗ ಅವನ ಪರ ಜಗಳಕ್ಕೆ ನಿಂತವರೂ ಒಬ್ಬರೇ. ಇಂಥವರ ಜೊತೆ ಹೇಗೆ ತಾನೇ ಬಾಳುವುದು, ಹೇಳಿ?

ಮಧ್ಯಾಹ್ನ ಮೂರಾದರೂ ಹುಡುಗ ಕೆಳಗೆ ಬರಲಿಲ್ಲ. ನನ್ನ ಹೆಂಡತಿ ಮೆತ್ತಗೆ ಕಲಸಿದ ಅನ್ನ ಸಾರು ತಟ್ಟೆಗೆ ಹಾಕಿಕೊಟ್ಟಳು. ನಾನೂ ಮಾವನೂ ಮೇಲೆ ಹೋದೆವು. ಹುಡುಗ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ತುಟಿ ಊದಿತ್ತು. ತಟ್ಟೆಯನ್ನು ನೋಡಲೂ ಇಲ್ಲ. “ಊರಿಗೆ ಹೋಗ್ತೀನಿ ಸಾರ್. ಸಾಕು” ಎಂದ. ಮಾವ ಅವನ ಪಕ್ಕ ಗೋಡೆ ಹಿಡಿದುಕೊಂಡು ಕೂತರು.

ಹುಡುಗನ ಫೋನು ಹೊಡೆದುಕೊಳ್ಳತೊಡಗಿತು. ಪರದೆಯ ಮೇಲೆ ‘ಅಮ್ಮ’. ಒಮ್ಮೆ ನಿಂತು ಮತ್ತೆ ಹೊಡೆದುಕೊಂಡಿತು. ಹುಡುಗ ತಲೆ ಅಲ್ಲಾಡಿಸಿ ಮುಖ ಆಚೆ ತಿರುಗಿಸಿದ. ಮಾವ ಫೋನು ಎತ್ತಿಕೊಂಡರು.

“ಹೂಂ ಕಣವ್ವ, ಮೇಷ್ಟ್ರ ಮಾವ ನಾನು... ಸೋತ. ನಿಜ... ಬಿತ್ತು, ಏಟೂ ಬಿತ್ತು. ಡಾಕ್ಟ್ರು ನೋಡವ್ರೆ, ಏನೂ ಭಯ ಇಲ್ವಂತೆ.” ಆ ಕಡೆಯ ಅಳು ನನಗೂ ಕೇಳಿಸಿತು. “ಅಳ್ಬೇಡ ತಾಯಿ. ನಿನ್ ಮಗನಂಥೋನ್ನ ನಾನು ನೋಡಿಲ್ಲ. ಬಲು ಚೆಂದಾಗಿ ಆಡ್ದ... ಮಾತಾಡ್ತಾನೆ, ಆಮೇಲ್ ಮಾತಾಡ್ತಾನೆ. ಈಗ ಬಾಯ್ತುಂಬ ಅನ್ನ ಇಟ್ಕಂಡವ್ನೆ. ಚೆನ್ನಾಗಿ ಊಟ ಮಾಡ್ತಾವ್ನೆ ಕಣವ್ವ.”

ನನ್ನ ಮಾವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಫೋನನ್ನು ಕೆಳಗಿಟ್ಟು, ತಪ್ಪು ಮಾಡಿದವರಂತೆ ಕಿಟಕಿಯ ಕಡೆ ನೋಡುತ್ತ ಕೂತರು.

ಹುಡುಗ ತೆರೆದಿದ್ದ ಒಂದೇ ಕಣ್ಣಿನಿಂದ ಅವರನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಊದಿದ ತುಟಿಗಳ ನಡುವೆ ಮೊದಲ ತುತ್ತು ಇಟ್ಟುಕೊಂಡ.