ಸೊನ್ನೆಗಳ ಮೇಲೆ ನಿಂತ ಮೀಸೆ

ನಗುವ ಪ್ರಸಂಗ ಹುಡುಕಿಕೊಂಡು ನಾನು ಎಲ್ಲಿಗೂ ಹೋದವನಲ್ಲ. ಹಳೇ ಕಂಪ್ಯೂಟರುಗಳ ಜೊತೆ ಅವೇ ಬಸ್ಸು ಹತ್ತಿ ಹಾಸನದ ನನ್ನ ಅಂಗಡಿಗೆ ಬರುತ್ತವೆ. ನನ್ನ ಕಸುಬು ಅಳಿಸುವುದು. ಕಂಪ್ಯೂಟರ್ ಮಾರುವವರು, ದಾನ ಕೊಡುವವರು ಮೊದಲು ನನ್ನ ಹತ್ತಿರ ತರುತ್ತಾರೆ. ಹಾರ್ಡ್ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ, ಏನೂ ಉಳಿದಿಲ್ಲ ಎಂದು ಪರೀಕ್ಷೆ ಮಾಡಿ ತೋರಿಸುತ್ತೇನೆ. ಜಿಲ್ಲೆಯಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ‘ಏನೂ ಇಲ್ಲ’ ತಯಾರು ಮಾಡುವವನು ಇನ್ನೊಬ್ಬನಿಲ್ಲ. ಬೋರ್ಡಿನಲ್ಲೇ ಬರೆಸಿದ್ದೇನೆ: ‘ನಾನು ಅಳಿಸಿದ ಡಿಸ್ಕಿನಲ್ಲಿ ಹಳೇದು ಒಂದಕ್ಷರ ಸಿಕ್ಕರೂ ಮೀಸೆ ಬೋಳಿಸುತ್ತೇನೆ.’

ಮೀಸೆ ಇನ್ನೂ ಇದೆ. ಅದಕ್ಕೆ ನಾನೊಬ್ಬನೇ ಕಾರಣ ಎನ್ನುವಷ್ಟು ಕೃತಘ್ನ ನಾನಲ್ಲ. ಮುಕ್ಕಾಲು ಪಾಲು ಮಾತ್ರ ನಾನು. ಉಳಿದ ಕಾಲು ಪಾಲು ಈ ಕೆಳಗಿನವರದು.

೧. ಒಂದಗುಳಿನ ಪರೀಕ್ಷೆ

ಚನ್ನರಾಯಪಟ್ಟಣದ ಫೋಟೋ ಸ್ಟುಡಿಯೋದವರೊಬ್ಬರು ಡಿಸ್ಕ್ ತಂದಿದ್ದರು. ಅಳಿಸಿದೆ. ಪರದೆಯ ಮೇಲೆ ಸಾಲುಸಾಲು ಸೊನ್ನೆ ತೋರಿಸಿ, ನೋಡಿ ಸ್ವಾಮಿ, ಎಲ್ಲಾ ಖಾಲಿ ಅಂದೆ. ಆಗೆಲ್ಲ ನಾನು ಅಲ್ಲೊಂದು ಕಡೆ ಇಲ್ಲೊಂದು ಕಡೆ ನೋಡಿ ಮುಗಿಸುತ್ತಿದ್ದೆ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಹಿಸುಕಿದರೆ ಸಾಕಲ್ಲವೇ?

“ಬೆಂದಿದೆಯಾ ಅನ್ನೋಕೆ ಒಂದಗುಳು ಸಾಕು ಸಾ,” ಅಂದರು ಅವರು. “ಕಲ್ಲು ಇದೆಯಾ ಅನ್ನೋಕೆ ಅಷ್ಟೂ ಅಕ್ಕಿ ಆರಿಸ್ಬೇಕು.”

ಮಾತು ಎಷ್ಟು ಸರಿಯಾಗಿತ್ತೆಂದರೆ ಸಿಟ್ಟು ಬಂತು. ಹಾಗಾದರೆ ನೀವೇ ಆರಿಸಿ ಅಂತ ಕುರ್ಚಿ ಎಳೆದು ಕೊಟ್ಟೆ. ಪುಣ್ಯಾತ್ಮರು ಕನ್ನಡಕ ಹಾಕಿಕೊಂಡು ಸೊನ್ನೆ ಓದುತ್ತಾ ಕೂತರು. ನಾನು ಊಟ ಮಾಡಿ ಬಂದಾಗ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿದೆ. ಪರದೆ ನೋಡಿದರು, ನನ್ನ ಮುಖ ನೋಡಿದರು.

“ಎಲ್ಲೀಗಂಟ ಓದಿದ್ದೆ ಅಂತ ಗೊತ್ತಾಗ್ತಾ ಇಲ್ಲ ಸಾ. ಮೊದಲಿಂದ ಹಾಕಿ.”

ಅವತ್ತಿನಿಂದ ತುದಿಯಿಂದ ತುದಿಗೆ ಓದುವ ಕೆಲಸವನ್ನು ಮಿಷನ್ನಿಗೇ ಒಪ್ಪಿಸಿದ್ದೇನೆ. ಅದು ಗೊರಕೆ ಹೊಡೆಯುವುದಿಲ್ಲ.

೨. ತೆಂಗಿನಕಾಯಿ ಎದ್ದು ನಿಂತದ್ದು

ಅರಕಲಗೂಡಿನ ಇನ್ನೊಬ್ಬರು ಬೋರ್‌ವೆಲ್‌ಗೆ ಪಾಯಿಂಟ್ ತೋರಿಸುವವರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ ನೀರು. ಅವರು ತಂದ ಡಿಸ್ಕಿನಲ್ಲಿ ಆಗಲೇ ಒಂದು ತೂತಿತ್ತು. ನನ್ನನ್ನು ಯಾಕೆ ಸುಮ್ಮನೆ ನಂಬುವುದು ಅಂತ ಮನೆಯಲ್ಲೇ ಡ್ರಿಲ್ ಹಾಕಿದ್ದರು.

ನಾನು ಗಂಭೀರವಾಗಿ ತಿಳಿಸಿದೆ: ಇದು ಹೈಬ್ರಿಡ್ ಡಿಸ್ಕು. ಒಳಗೆ ತಿರುಗುವ ತಟ್ಟೆ ಇರುತ್ತದೆ, ಅದು ಕಣಜ ಇದ್ದಂತೆ. ಪಕ್ಕದಲ್ಲಿ ಸಣ್ಣ ಮೆಮೊರಿ ಚಿಪ್ಪು ಇರುತ್ತದೆ, ಅದು ಅಡುಗೆಮನೆಯ ಅಕ್ಕಿಡಬ್ಬ. ದಿನಾ ಬೇಕಾದದ್ದು ಡಬ್ಬದಲ್ಲೂ ಇರುತ್ತದೆ. ನೀವು ಕಣಜಕ್ಕೆ ತೂತು ಹಾಕಿದ್ದೀರಿ, ಡಬ್ಬ ಭದ್ರವಾಗಿದೆ. ನಾನಾದರೆ ಎರಡನ್ನೂ ಖಾಲಿ ಮಾಡುವಂತೆ ಡಿಸ್ಕಿಗೇ ಅಪ್ಪಣೆ ಕೊಡುತ್ತೇನೆ. ಅದಿರಲಿ, ಸರಿಯಾಗಿ ಇಲ್ಲೇ ಯಾಕೆ ಡ್ರಿಲ್ ಹಾಕಿದಿರಿ?

“ಡಿಸ್ಕಿನ ಮ್ಯಾಲೆ ಕೈ ಆಡಿಸ್ದೆ, ಕಾಯಿ ಅಲ್ಲೇ ಎದ್ದು ನಿಂತ್ಕತು ಸಾ.”

ತೂತಿನಿಂದ ಚಿಪ್ಪು ಅರ್ಧ ಇಂಚು ಪಕ್ಕಕ್ಕಿದೆ ಎಂದು ತೋರಿಸಿದೆ. ಅವರ ಮುಖ ಅರಳಿತು.

“ಬರೀ ಅರ್ಧ ಇಂಚಾ? ನಮ್ ಕಸುಬ್ನಾಗೆ ಇಷ್ಟು ಹತ್ರ ಯಾರೂ ಓಗಿಲ್ಲ ಕಣ ಸಾ.”

ಹೋಗುವಾಗ ಆ ಕಾಯಿಯನ್ನು ನನಗೇ ಕೊಟ್ಟರು. ಒಳ್ಳೇ ಮನುಷ್ಯ. ಮನೆಯಲ್ಲಿ ಒಡೆದು ನೋಡಿದರೆ ಅದರಲ್ಲೂ ನೀರಿರಲಿಲ್ಲ.

೩. ಬರೀ ಪಾತ್ರೆ

ಹೊಳೆನರಸೀಪುರದಲ್ಲಿ ಮದುವೆ ಸಂಬಂಧ ಕೂಡಿಸುವ ಅಕ್ಕ ಒಬ್ಬರಿದ್ದಾರೆ. ಅವರ ಕಂಪ್ಯೂಟರಿನಲ್ಲಿ ತಾಲ್ಲೂಕಿನ ಮುಕ್ಕಾಲು ಮನೆಯ ಜಾತಕ: ಯಾರು ಯಾರನ್ನು ಒಪ್ಪಿದರು, ಯಾರು ಯಾಕೆ ಬೇಡ ಅಂದರು, ಎಲ್ಲಾ. ಆ ಕಂಪ್ಯೂಟರನ್ನು ಹಳೇಕೋಟೆ ಕಡೆಯ ಒಂದು ಶಾಲೆಗೆ ಕೊಡಬೇಕೆಂದಿದ್ದರು. “ಒಂದ್ ಮನೆ ಮಾತು ಆಚೆ ಬಿದ್ರೂ ನಂಗೆ ಯಾರೂ ಬಾಗಿಲು ತೆಗೆಯಲ್ಲ ಕಣಣ್ಣ,” ಅಂದರು. ಅದೂ ಹೈಬ್ರಿಡ್ ಡಿಸ್ಕೇ. ಕಣಜ, ಡಬ್ಬ ಎರಡನ್ನೂ ಬಳಿದೆ. ಮಿಷನ್ನು ತುದಿಯಿಂದ ತುದಿಗೆ ಓದಿತು. ಶುದ್ಧ ಸೊನ್ನೆ. ಅಕ್ಕ ಕೈಮುಗಿದು ತೆಗೆದುಕೊಂಡು ಹೋದರು.

ಶಾಲೆಗೆ ಒಪ್ಪಿಸುವ ದಿನ, ಎಲ್ಲರೆದುರು ಇನ್ನೊಮ್ಮೆ ತೋರಿಸಿಬಿಡಿ ಅಂತ ಅಕ್ಕನೇ ಕರೆಸಿದರು. ನಾನೂ ಮೀಸೆಗೆ ಎಣ್ಣೆ ಹಚ್ಚಿಕೊಂಡು ಹೋದೆ. ಮೇಷ್ಟ್ರುಗಳು, ಊರವರು, ಮುಂದಿನ ಸಾಲಿನಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು, ಪಕ್ಕದಲ್ಲಿ ಅವರ ಹೆಂಡತಿ. ಅವರ ಮದುವೆ ಮಾಡಿಸಿದ್ದೂ ಈ ಅಕ್ಕನೇ. ಸಣ್ಣದೊಂದು ಭಾಷಣ ಮಾಡಿ ಮಿಷನ್ ಹಚ್ಚಿದೆ.

ಪರದೆಯ ಮೊದಲ ಸಾಲಿನಲ್ಲೇ ಅಕ್ಷರ.

ಮಿಷನ್ನು ಕೆಂಪಗೆ ಬರೆಯಿತು: ಖಾಲಿ ಇಲ್ಲ. ನನ್ನ ಕೈ ತಾನಾಗಿ ಮೀಸೆಗೆ ಹೋಯಿತು. ಅಧ್ಯಕ್ಷರು ಬೆವರತೊಡಗಿದರು, ಅವರಿಗೇನಾಯಿತೋ ತಿಳಿಯಲಿಲ್ಲ. ಇದ್ದದ್ದು ಒಂದೇ ಫೈಲು. ತಿರುಪತಿ ತಿಮ್ಮಪ್ಪನಿಗೆ ಮುಂಗಡವಾಗಿ ಮೀಸೆ ಒಪ್ಪಿಸಿ ತೆರೆದೆ.

ಹಿತ್ತಾಳೆ ತಟ್ಟೆಯ ಫೋಟೋ. ತಟ್ಟೆಯಲ್ಲಿ ಒಂದು ಅಚ್ಚು ಬೆಲ್ಲ, ಒಂದು ಹಿಡಿ ಅಕ್ಕಿ.

“ಅದು ನಂದೇ,” ಅಂದರು ಅಕ್ಕ, ಸಂಕೋಚವೇ ಇಲ್ಲದೆ. “ಬರೀ ಪಾತ್ರೆ ಯಾರಾದ್ರೂ ಕೊಡ್ತಾರೇನಣ್ಣ? ಬರ್ತಾ ಸೈಬರ್ ಅಂಗಡೀಲಿ ಹಾಕಿಸ್ದೆ.”

ಫೋಟೋ ಹಾಕುವ ಮೊದಲು ಅಂಗಡಿಯವನು ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ್ದ, ಅಂದರೆ ಫೈಲು ಇಡಲು ಖಾನೆ ಹಾಕಿದ್ದ. ಆ ಅಕ್ಷರಗಳು ಅದರವು. ಮಿಕ್ಕದ್ದೆಲ್ಲ ಸೊನ್ನೆಯೇ. ನನಗೆ ಹೋದ ಪ್ರಾಣ ಬಂತು. ನನಗಿಂತ ಮೊದಲು ಅಧ್ಯಕ್ಷರಿಗೆ ಬಂದಿತ್ತು. ಎದೆ ಮೇಲೆ ಕೈಯಿಟ್ಟುಕೊಂಡು ಜೋರಾಗಿ ಅಂದುಬಿಟ್ಟರು: “ಬೆಲ್ಲಾನಾ? ನಾನೆಲ್ಲೋ ನನ್ನ ಬ್ಯಾಡ ಅಂದ ಹೆಣ್ಗಳ ಲಿಸ್ಟ್ ಬಂದ್ಬುಡ್ತು ಅನ್ಕಂಡೆ!”

ಹೆಂಡತಿ ನಿಧಾನವಾಗಿ ತಿರುಗಿದರು.

“ಆ ಹೆಣ್ಗಳ್ನ ನೀವೇ ಬ್ಯಾಡ ಅಂದಿದ್ದು ಅಂತ ಏಳಿದ್ರಲ್ಲ?”

ಆಯಮ್ಮ ಗಂಡನನ್ನು ಮೇಲಿಂದ ಕೆಳಗೆ ನೋಡಿ, ನಕ್ಕು, ಅಕ್ಕನ ಕಡೆ ತಿರುಗಿದರು. “ಅವ್ರು ಬ್ಯಾಡ ಅಂದಿದ್ಕೇ ಅಲ್ವಾ ಅಕ್ಕ, ಈ ಬಂಗಾರ ನಂಗೆ ಸಿಕ್ಕಿದ್ದು. ಯಾರ್ಯಾರು ಅಂತ ಏಳಿ, ಒಬ್ಬೊಬ್ಬರ ಮನೇಗೂ ಓಗಿ ಅರಿಶಿನ ಕುಂಕುಮ ಕೊಟ್ಟು ಬತ್ತೀನಿ.”

ಅಕ್ಕ ನನ್ನ ಮುಖ ನೋಡಿದರು. ಅಧ್ಯಕ್ಷರೂ ನೋಡಿದರು, ದೇವರನ್ನು ನೋಡುವ ಹಾಗೆ.

“ಆ ಲಿಸ್ಟ್ ಇನ್ನು ಬ್ರಹ್ಮನಿಗೂ ಸಿಗಲ್ಲಮ್ಮ,” ಅಂದು ನಾನು ಮೀಸೆ ತಿರುವಿದೆ. ಬೆಲ್ಲದ ಅಚ್ಚುಗಳು ಆಮೇಲೆ ಅಧ್ಯಕ್ಷರ ಮನೆಯಿಂದ ಬುಟ್ಟಿಯಲ್ಲಿ ನನ್ನ ಅಂಗಡಿಗೆ ಬಂದವು, ನಿಜವಾದವು.